ಕುದುರೆ ಸವಾರನೂ ವಿದ್ಯಾರ್ಥಿಯೂ

(ಶಿರಸಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಇಲ್ಲಿಂದ ಬನವಾಸಿಗೆ ಬಸ್ಸು ಹತ್ತಿದರೆ ಒಂದು ಗಂಟೆ ಕೂಡ ಬೇಡ. ಕದಂಬರ ಕಥೆ ನಿಮಗೆಲ್ಲ ಬಾಯಿಪಾಠ. ಶಾಲೆಯಲ್ಲಿ ಓದಿದ್ದೀರಿ, ಕದಂಬೋತ್ಸವದಲ್ಲಿ ನೋಡಿದ್ದೀರಿ. ಆದರೆ ಆ ಕಥೆ ಶುರುವಾಗುವುದು ಒಬ್ಬ ವಿದ್ಯಾರ್ಥಿಯಿಂದ. ಅದನ್ನು ನಾವು ಬೇಗ ಮರೆತುಬಿಡುತ್ತೇವೆ.

ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಕಂಚಿಗೆ ಹೋದ. ಯುದ್ಧಕ್ಕಲ್ಲ, ಓದಲಿಕ್ಕೆ. ಅಲ್ಲಿ ಘಟಿಕೆ ಇತ್ತು. ಘಟಿಕೆ ಎಂದರೆ ಆ ಕಾಲದ ದೊಡ್ಡ ವಿದ್ಯಾಸ್ಥಾನ. ಇವತ್ತಿಗೂ ಪದವಿ ಕೊಡುವ ಸಮಾರಂಭವನ್ನು ನಾವು ‘ಘಟಿಕೋತ್ಸವ’ ಎನ್ನುತ್ತೇವೆ ಅಲ್ವಾ, ಆ ಘಟಿಕೆಯೇ ಇದು. ಅಲ್ಲಿ ಪಲ್ಲವ ರಾಜನ ಒಬ್ಬ ಕುದುರೆ ಸವಾರನಿಗೂ ಇವನಿಗೂ ಜೋರು ಜಗಳವಾಯಿತು. ಯಾಕೆ, ಯಾರದು ತಪ್ಪು ಎಂದು ಶಾಸನ ಹೇಳುವುದಿಲ್ಲ. ಆದರೆ ಮಯೂರಶರ್ಮನ ಮನಸ್ಸಿನಲ್ಲಿ ಏನು ಬಂತು ಎಂದು ಹೇಳುತ್ತದೆ. ಶಿರಾಳಕೊಪ್ಪದ ಹತ್ತಿರ ತಾಳಗುಂದದಲ್ಲಿ ಪ್ರಣವೇಶ್ವರ ದೇವಸ್ಥಾನದ ಎದುರಿಗೆ ಕಂಬ ಇದೆ, ಹೋಗಿ ನೋಡಿ. ಸಂಸ್ಕೃತ ಪದ್ಯ. ಅದರ ಅರ್ಥ ಹೀಗೆ: ಗುರುಕುಲವನ್ನು ಚೆನ್ನಾಗಿ ಸೇವೆ ಮಾಡಿ, ವೇದಶಾಖೆಯನ್ನು ಕಷ್ಟಪಟ್ಟು ಕಲಿತ ಮೇಲೂ, ವಿದ್ಯೆಯ ಸಿದ್ಧಿ ಅರಸನ ಕೈಯಲ್ಲೇ ಇರುವುದಾದರೆ ಇದಕ್ಕಿಂತ ದೊಡ್ಡ ದುಃಖ ಯಾವುದು?

ನಲವತ್ತು ವರ್ಷ ಪಾಠ ಮಾಡಿದವನು ನಾನು. ಈ ಸಾಲನ್ನು ಮೊದಲ ಸಲ ಓದಿದಾಗ ಸ್ಟಾಫ್ ರೂಮಿನಲ್ಲಿ ಕೂತಿದ್ದೆ. ಎದುರಿಗೆ ಸಂಬಳದ ಬಿಲ್ಲು ಪಾಸಾಗಲಿಲ್ಲ ಎಂದು ಗೊಣಗುತ್ತಿದ್ದ ಸಹೋದ್ಯೋಗಿ. ಸಾವಿರದ ಐನೂರು ವರ್ಷ ದಾಟಿದ ದೂರು ಇದು ಎಂದು ಅವರಿಗೆ ಹೇಳಿದೆ. ‘ಬಿಲ್ಲು ಪಾಸಾದ ಮೇಲೆ ಹೇಳಿ ಮಾರಾಯ್ರೇ’ ಎಂದರು.

ಮುಂದಿನದು ಗೊತ್ತೇ ಇದೆ. ದರ್ಭೆ, ಸಮಿತ್ತು, ತುಪ್ಪ, ಚರು ಹಿಡಿದು ಪಳಗಿದ ಕೈಯಲ್ಲಿ ಕತ್ತಿ ಹಿರಿದ. ಪಲ್ಲವರ ಗಡಿಕಾವಲಿನವರನ್ನು ಸೋಲಿಸಿ ಶ್ರೀಪರ್ವತದ ಕಾಡು ಹಿಡಿದು ಕೂತ. ಕೊನೆಗೆ ಪಲ್ಲವರೇ ರಾಜಿಗೆ ಬಂದರು. ಪಶ್ಚಿಮ ಸಮುದ್ರದ ಕಡೆಯ ನಾಡನ್ನು ಬಿಟ್ಟುಕೊಟ್ಟರು. ಅಂದರೆ ವಿದ್ಯೆ ಅರಸನ ಕೈಯಲ್ಲಿದೆ ಎಂದು ಸಂಕಟಪಟ್ಟ ಹುಡುಗ ಕಂಡುಕೊಂಡ ಪರಿಹಾರ, ತಾನೇ ಅರಸನಾಗುವುದು! ಎಲ್ಲ ವಿದ್ಯಾರ್ಥಿಗಳಿಗೂ ಆ ದಾರಿ ತೆರೆದಿರುವುದಿಲ್ಲ. ಉಳಿದವರು ಏನು ಮಾಡಿದರು ಎನ್ನುವುದೇ ಇವತ್ತಿನ ಮಾತು.

ಮೊದಲು ಅನ್ನದ ವಿಷಯ. ಓದುವವರು ಗದ್ದೆ ಉಳುವುದಿಲ್ಲ. ಯಾರಾದರೂ ಉಣ್ಣಿಸಬೇಕು. ನಾಲಂದಕ್ಕೆ ನೂರು ಹಳ್ಳಿಗಳ ಹುಟ್ಟುವಳಿ ಬಿಟ್ಟುಕೊಟ್ಟಿದ್ದರು ಎಂದು ಏಳನೆಯ ಶತಮಾನದಲ್ಲಿ ಅಲ್ಲಿದ್ದ ಹ್ಯೂಯೆನ್ ತ್ಸಾಂಗನ ವೃತ್ತಾಂತದಲ್ಲಿದೆ. ಅಕ್ಕಿ, ಬೆಣ್ಣೆ, ಹಾಲು ದಿನಾ ಆ ಹಳ್ಳಿಗಳಿಂದ ಬರುತ್ತಿತ್ತು. ನಮ್ಮಲ್ಲೇ ಚಿತ್ತಾಪುರದ ಹತ್ತಿರ ನಾಗಾವಿ ಇದೆ. 1058ರ ಅಲ್ಲಿನ ಶಾಸನ ಓದಿದರೆ ಈಗಿನ ಬಜೆಟ್ ಪುಸ್ತಕ ಓದಿದ ಹಾಗಿರುತ್ತದೆ. ಚಾಲುಕ್ಯರ ದಂಡನಾಯಕ ಮಧುಸೂದನ ಘಟಿಕಾಸ್ಥಾನಕ್ಕೆ ದಾನ ಕೊಟ್ಟ. ವೇದ ಓದುವ ಇನ್ನೂರು ಜನ, ಶಾಸ್ತ್ರ ಓದುವ ಐವತ್ತು ಜನ, ಅವರಿಗೆ ಉಪಾಧ್ಯಾಯರು. ಅದರ ಜೊತೆಗೆ ಆರು ಜನ ಸರಸ್ವತೀ ಭಂಡಾರಿಗರು, ಅಂದರೆ ಲೈಬ್ರರಿಯನ್ನರು. ಆರು ಜನ! ನಾನಿದ್ದ ಕಾಲೇಜಿನಲ್ಲಿ ಒಬ್ಬರಿದ್ದರು. ಅವರು ನಿವೃತ್ತರಾದ ಮೇಲೆ ಆ ಹುದ್ದೆ ತುಂಬಲೇ ಇಲ್ಲ. ಕಪಾಟಿನ ಕೀಲಿ ಜವಾನರ ಹತ್ತಿರ ಇತ್ತು.

ಅನ್ನ ಕೊಡುವ ರಾಜ ಪಠ್ಯವನ್ನೂ ಕೊಡುತ್ತಿದ್ದನೇ? ಅಷ್ಟಾಗಿ ಇಲ್ಲ. ಹಳ್ಳಿ ಬಿಟ್ಟುಕೊಟ್ಟ, ಶಾಸನ ಹಾಕಿಸಿದ, ಪುಣ್ಯ ಕಟ್ಟಿಕೊಂಡ, ಹೋದ. ಭೂಮಿ ಕೊಟ್ಟ ಮೇಲೆ ವರ್ಷಾ ವರ್ಷ ಅರ್ಜಿ ಹಾಕುವ ಕೆಲಸ ಇಲ್ಲ. ದಾನಕ್ಕೂ ಅನುದಾನಕ್ಕೂ ಇರುವ ವ್ಯತ್ಯಾಸ ಅದೇ. ಅನುದಾನ ಪ್ರತಿ ಏಪ್ರಿಲ್‌ನಲ್ಲಿ ಹೊಸದಾಗಿ ಹುಟ್ಟಬೇಕು.

ಈಗ ಸ್ವಲ್ಪ ಯುರೋಪಿಗೆ ಹೋಗೋಣ. ಅಲ್ಲಿ ಕಥೆ ಬೇರೆ ರೀತಿ ಶುರುವಾಗುತ್ತದೆ. ‘ಯೂನಿವರ್ಸಿಟಿ’ ಎನ್ನುವ ಶಬ್ದದಲ್ಲಿ ‘ವಿಶ್ವ’ ಇದೆ ಎಂದುಕೊಂಡು ನಾವು ವಿಶ್ವವಿದ್ಯಾಲಯ ಎಂದೆವು. ಮೂಲದಲ್ಲಿ ಅದಕ್ಕೆ ಅಷ್ಟು ದೊಡ್ಡ ಅರ್ಥ ಇಲ್ಲ. ಲ್ಯಾಟಿನ್ನಿನ ‘ಯೂನಿವರ್ಸಿತಾಸ್’ ಎಂದರೆ ಒಂದು ಕಸುಬಿನವರ ಕೂಟ. ಬಡಗಿಗಳದ್ದೂ ಯೂನಿವರ್ಸಿತಾಸ್, ಓದುವವರದ್ದೂ ಯೂನಿವರ್ಸಿತಾಸ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸೊಸೈಟಿ. ನಿಮ್ಮ ಅಡಿಕೆ ತೋಟಗಾರರ ಸೊಸೈಟಿ ಇದೆಯಲ್ಲ, ಹಾಗೆ. ಒಬ್ಬೊಬ್ಬರೇ ಹೋದರೆ ವ್ಯಾಪಾರಿ ಕೈಗೆ ಸಿಗುತ್ತೇವೆ, ಒಟ್ಟಾಗಿ ಹೋಗೋಣ ಎನ್ನುವ ಲೆಕ್ಕ.

ಇಟಲಿಯ ಬೊಲೊನ್ಯಾದಲ್ಲಿ ಹುಡುಗರೇ ಆ ಸೊಸೈಟಿ ಕಟ್ಟಿದ್ದು. ಕಾನೂನು ಓದಲು ಪರದೇಶದಿಂದ ಬಂದವರು. ಪರದೇಶಿಗೆ ಊರಿನಲ್ಲಿ ಯಾವ ಹಕ್ಕೂ ಇಲ್ಲ. ಅವನ ಊರಿನವ ಯಾರೋ ಸಾಲ ಮಾಡಿ ಓಡಿಹೋದರೆ ಆ ಸಾಲಕ್ಕೆ ಈ ಹುಡುಗನನ್ನು ಹಿಡಿಯುತ್ತಿದ್ದರು. 1158ರಲ್ಲಿ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸಾ ಇದನ್ನು ನಿಲ್ಲಿಸಿದ. ಓದಲಿಕ್ಕೆ ಹೋಗುವವರ ಮೈಮುಟ್ಟಬೇಡಿ ಎಂದು ಶಾಸನ ಮಾಡಿದ. ಅವನಿಗೂ ಲಾಭ ಇತ್ತು. ಅವನ ಅಧಿಕಾರಕ್ಕೆ ಆಧಾರ ಹುಡುಕಿಕೊಡುವ ಕಾನೂನು ಪಂಡಿತರು ಬೊಲೊನ್ಯಾದಲ್ಲೇ ಇದ್ದರು. ರಾಜನಿಗೂ ಪಂಡಿತನಿಗೂ ಪರಸ್ಪರ ಕೆಲಸ ಬೀಳುತ್ತದೆ. ಈ ಗಂಟು ಆವತ್ತಿಂದ ಬಿಚ್ಚಿಲ್ಲ.

ಬೊಲೊನ್ಯಾದಲ್ಲಿ ಫೀ ಕೊಡುವವರು ವಿದ್ಯಾರ್ಥಿಗಳು, ಆದ್ದರಿಂದ ಮೇಷ್ಟ್ರು ಅವರ ಕೈಕೆಳಗೆ. ಪಾಠ ತಡವಾಗಿ ಶುರು ಮಾಡಿದರೆ ದಂಡ. ಊರು ಬಿಟ್ಟು ಹೋಗಬೇಕಾದರೆ ಠೇವಣಿ ಇಟ್ಟು ಹೋಗಬೇಕು. ಕ್ಲಾಸಿಗೆ ಐದು ಜನ ಬರಲಿಲ್ಲವೋ, ಮೇಷ್ಟ್ರೇ ಗೈರುಹಾಜರು ಎಂದು ಲೆಕ್ಕ, ಅದಕ್ಕೂ ದಂಡ! ಹಿಂದಿನ ಸಾಲಿನಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳು ನಗುತ್ತಿದ್ದೀರಿ. ಮಳೆಗಾಲದ ಶನಿವಾರದ ಮಧ್ಯಾಹ್ನ ನನ್ನ ಕ್ಲಾಸಿಗೆ ಎಷ್ಟು ಜನ ಬರುತ್ತಿದ್ದಿರಿ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಬೊಲೊನ್ಯಾದಲ್ಲಿ ಇದ್ದಿದ್ದರೆ ಮನೆ ಮಾರಬೇಕಾಗುತ್ತಿತ್ತು.

ಪ್ಯಾರಿಸ್ಸಿನ ಜಗಳ ಮಯೂರಶರ್ಮನ ಜಗಳದ ತಮ್ಮನ ಹಾಗಿದೆ. 1229. ಹಬ್ಬದ ದಿನ, ಹೆಂಡದಂಗಡಿ, ಬಿಲ್ಲಿನ ತಕರಾರು. ಹುಡುಗರಿಗೆ ಪೆಟ್ಟು ಬಿತ್ತು. ಮಾರನೆ ದಿನ ಹುಡುಗರು ಗುಂಪು ಕಟ್ಟಿಕೊಂಡು ಬಂದು ತಿರುಗಿ ಕೊಟ್ಟರು. ರಾಣಿ ಕಾವಲಿನವರನ್ನು ಕಳಿಸಿದಳು. ಅವರು ಸಿಕ್ಕ ಸಿಕ್ಕ ವಿದ್ಯಾರ್ಥಿಗಳ ಮೇಲೆ ಬಿದ್ದರು, ಕೆಲವರು ಸತ್ತರು. ಆಗ ಮೇಷ್ಟ್ರು, ವಿದ್ಯಾರ್ಥಿ ಎಲ್ಲ ಸೇರಿ ಪಾಠ ನಿಲ್ಲಿಸಿ ಊರೇ ಬಿಟ್ಟರು. ಎರಡು ವರ್ಷ! ಮನೆ ಬಾಡಿಗೆಗೆ ಕೊಟ್ಟವರು, ರೊಟ್ಟಿ ಮಾರುವವರು, ಅದೇ ಹೆಂಡದಂಗಡಿಯವರು ಕಂಗಾಲು. 1231ರಲ್ಲಿ ಪೋಪ್ ನಡುವೆ ಬಂದು, ಅನ್ಯಾಯವಾದರೆ ಪಾಠ ನಿಲ್ಲಿಸುವ ಹಕ್ಕು ನಿಮಗಿದೆ ಎಂದು ಬರೆದುಕೊಟ್ಟ. ಇದಕ್ಕೂ ಇಪ್ಪತ್ತು ವರ್ಷ ಮೊದಲು ಆಕ್ಸ್‌ಫರ್ಡಿನಲ್ಲಿ ಇಂಥದ್ದೇ ಆಗಿತ್ತು. ಒಬ್ಬ ಹೆಂಗಸಿನ ಕೊಲೆಯಾಯಿತು, ಆರೋಪಿ ವಿದ್ಯಾರ್ಥಿ ಪರಾರಿ. ಅವನ ಜೊತೆ ಇದ್ದವರನ್ನು ಹಿಡಿದು ಗಲ್ಲಿಗೇರಿಸಿದರು. ಉಳಿದವರು ಊರು ಬಿಟ್ಟರು. ಅದರಲ್ಲಿ ಕೆಲವರು ಹೋಗಿ ನಿಂತ ಊರು ಕೇಂಬ್ರಿಜ್.

ಅವರಿಗೆ ಆ ಧೈರ್ಯ ಎಲ್ಲಿಂದ ಬಂತು? ನನ್ನ ಮಟ್ಟಿಗೆ ಉತ್ತರ ಸರಳ. ಅವರಿಗೆ ಕಟ್ಟಡ ಇರಲಿಲ್ಲ. ಬಾಡಿಗೆ ಕೋಣೆಯಲ್ಲಿ ಪಾಠ, ಗಂಟು ಕಟ್ಟಿದರೆ ವಿಶ್ವವಿದ್ಯಾಲಯವೇ ಹೊರಟಿತು. ಯಕ್ಷಗಾನ ಮೇಳದ ಹಾಗೆ. ಈ ಊರಲ್ಲಿ ಆಟಕ್ಕೆ ಮರ್ಯಾದೆ ಇಲ್ಲವೇ, ಪೆಟ್ಟಿಗೆ ಹೊತ್ತು ಮುಂದಿನ ಊರಿಗೆ. ಯಾವಾಗ ಕಲ್ಲಿನ ಕಟ್ಟಡ, ಲೈಬ್ರರಿ, ಜಮೀನು ಬಂತೋ ಆವತ್ತಿಗೆ ಕಾಲಿಗೆ ಹಗ್ಗ ಬಿತ್ತು.

ಹಗ್ಗವನ್ನು ಎಲ್ಲರಿಗಿಂತ ಮೊದಲು ಸರಿಯಾಗಿ ಕಟ್ಟಿದವನು ಇನ್ನೊಬ್ಬ ಫ್ರೆಡರಿಕ್, ಆ ಬಾರ್ಬರೋಸಾನ ಮೊಮ್ಮಗ. 1224ರಲ್ಲಿ ನೇಪಲ್ಸ್‌ನಲ್ಲಿ ತಾನೇ ವಿಶ್ವವಿದ್ಯಾಲಯ ತೆಗೆದ. ನನ್ನ ರಾಜ್ಯಕ್ಕೆ ಅಧಿಕಾರಿಗಳು ಬೇಕು, ಇಲ್ಲೇ ತಯಾರಾಗಲಿ ಎಂದ. ತನ್ನ ಪ್ರಜೆಗಳು ಬೇರೆ ಕಡೆ ಓದಲು ಹೋಗಬಾರದು ಎಂದೂ ಅಪ್ಪಣೆ ಮಾಡಿದ. ಸರ್ಕಾರಿ ವಿಶ್ವವಿದ್ಯಾಲಯದ ಮೂಲಪುರುಷ ಯಾರು ಎಂದು ಕ್ವಿಜ್‌ನಲ್ಲಿ ಕೇಳಿದರೆ ಇವನ ಹೆಸರು ಹೇಳಬಹುದು.

ಜರ್ಮನಿಯದು ಒಂದೇ ಮಾತು. ನೆಪೋಲಿಯನ್ ಕೈಯಲ್ಲಿ ಸೋತ ಪ್ರಷ್ಯಾ 1810ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯ ತೆರೆಯಿತು. ಅದರ ಹಿಂದಿದ್ದ ಹಂಬೋಲ್ಟ್ ಜಾಣ. ವರ್ಷಾ ವರ್ಷ ಹಣ ಬೇಡ, ಅರಮನೆಯ ಜಮೀನೇ ಬಿಟ್ಟುಕೊಡಿ, ಅದರ ಹುಟ್ಟುವಳಿಯಲ್ಲಿ ನಡೆಸುತ್ತೇವೆ ಎಂದು ಕೇಳಿದ. ನಾಗಾವಿಯ ಲೆಕ್ಕವೇ. ಆದರೆ ಅದು ಆಗಲಿಲ್ಲ. ಸಂಬಳ ಸರ್ಕಾರದ್ದೇ ಆಯಿತು. 1837ರಲ್ಲಿ ಇನ್ನೊಂದು ಜರ್ಮನ್ ರಾಜ್ಯವಾದ ಹ್ಯಾನೋವರ್‌ನ ರಾಜ ಸಂವಿಧಾನವನ್ನು ರದ್ದು ಮಾಡಿದ. ಗಟ್ಟಿಂಗೆನ್ನಿನ ಏಳು ಪ್ರಾಧ್ಯಾಪಕರು ಇದು ತಪ್ಪು ಎಂದು ಬರೆದುಕೊಟ್ಟರು. ಏಳೂ ಜನ ಮನೆಗೆ. ಅವರಲ್ಲಿ ಇಬ್ಬರು, ಮಕ್ಕಳ ಕಥೆ ಕೂಡಿಸಿದ ಗ್ರಿಮ್ ಸಹೋದರರು.

ಈಗ ನಮ್ಮ ಮನೆಯ ಒಂದು ಕಾಗದದ ಕಥೆ. ನಮ್ಮಜ್ಜನ ಟ್ರಂಕಿನಲ್ಲಿ ಒಂದು ಮೆಟ್ರಿಕ್ ಸರ್ಟಿಫಿಕೇಟ್ ಇತ್ತು. ಮಡಚಿದ ಜಾಗದಲ್ಲಿ ಹರಿದು, ಹಿಂದಿನಿಂದ ಅಕ್ಕಿ ಗಂಜಿಯಲ್ಲಿ ಕಾಗದ ಅಂಟಿಸಿದ್ದರು. ಗೆದ್ದಲು ಒಂದು ಮೂಲೆ ತಿಂದಿತ್ತು. ಮುಂಬಯಿ ವಿಶ್ವವಿದ್ಯಾಲಯದ್ದು. ಅಜ್ಜ ಸಾಯುವವರೆಗೂ ಮುಂಬಯಿ ನೋಡಲಿಲ್ಲ. ಅವರ ವಿಶ್ವವಿದ್ಯಾಲಯವೂ ಅವರನ್ನು ನೋಡಲಿಲ್ಲ.

ಇದು ಹೇಗೆ ಸಾಧ್ಯವಾಯಿತು? 1854ರಲ್ಲಿ ಚಾರ್ಲ್ಸ್ ವುಡ್ ಲಂಡನ್ನಿನಿಂದ ಒಂದು ಉದ್ದದ ಕಾಗದ ಕಳಿಸಿದ. ಅದರಂತೆ 1857ರಲ್ಲಿ ಕಲ್ಕತ್ತಾ, ಮುಂಬಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯ ಹುಟ್ಟಿದವು. ಇಸವಿ ನೋಡಿ. ಮುಂಬಯಿಯದು ಹುಟ್ಟಿದ್ದು ಜುಲೈ 18ಕ್ಕೆ. ಆಗ ದಿಲ್ಲಿ ಬಂಡಾಯದವರ ಕೈಯಲ್ಲಿತ್ತು. ಒಂದು ಕಡೆ ತೋಪು, ಇನ್ನೊಂದು ಕಡೆ ಸೆನೆಟ್! ಇವು ಆಗಿನ ಲಂಡನ್ ವಿಶ್ವವಿದ್ಯಾಲಯದ ಮಾದರಿ. ಪಾಠ ಹೇಳುವುದಿಲ್ಲ. ಪರೀಕ್ಷೆ ಮಾಡುತ್ತವೆ, ಠಸ್ಸೆ ಒತ್ತುತ್ತವೆ. ಪಾಠ ಕಾಲೇಜಿನ ಪಾಡು. ಪದವಿ ಇದ್ದರೆ ನೌಕರಿ, ಆದ್ದರಿಂದ ಠಸ್ಸೆಗೆ ಬೆಲೆ. ಕುದುರೆ ಸವಾರನನ್ನು ಘಟಿಕೆಯ ಬಾಗಿಲಿಗೆ ಕಳಿಸುವ ಕೆಲಸವೇ ಉಳಿಯಲಿಲ್ಲ. ಹುಡುಗರೇ ಠಸ್ಸೆ ಹುಡುಕಿಕೊಂಡು ಬಂದರು.

ನಮ್ಮ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದು 1862ರಲ್ಲಿ. ಮುಂಬಯಿ ವಿಶ್ವವಿದ್ಯಾಲಯದ ಮೊದಲ ಪದವೀಧರರು ಹೊರಬಂದದ್ದೂ ಅದೇ ವರ್ಷ. ರಾನಡೆ, ಭಂಡಾರಕರ್ ಆ ತಂಡದವರು. ಜಿಲ್ಲೆ ಆಚೆ ಹೋಗಿದ್ದರಿಂದ ನಮ್ಮ ಓದಿನ ದಿಕ್ಕೂ ಬದಲಾಯಿತು. ಮಂಗಳೂರಿನ ಹುಡುಗ ಮದ್ರಾಸಿನತ್ತ ನೋಡಿದ, ಕಾರವಾರದ ಹುಡುಗ ಮುಂಬಯಿಯತ್ತ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾಗುವ ತನಕ ಕಾಲೇಜು ಓದಬೇಕೆಂದರೆ ಪುಣೆ, ಮುಂಬಯಿಯೇ ಗತಿ.

ಕಾರವಾರ ಎಂದ ಕೂಡಲೆ ಟ್ಯಾಗೋರರ ನೆನಪಾಗುತ್ತದೆ. ವಿಷಯ ಬಿಟ್ಟು ಹೋಗುತ್ತಿದ್ದೇನೆ ಅನ್ನಬೇಡಿ, ಇದೂ ವಿಷಯವೇ. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಡ್ಜ್ ಆಗಿದ್ದರು. ಐಸಿಎಸ್ ಪಾಸಾದ ಮೊದಲ ಭಾರತೀಯ ಅವರು, ಸರ್ಕಾರದ ಒಳಗಿನ ಮನುಷ್ಯ. 1883ರಲ್ಲಿ ತಮ್ಮ ರವೀಂದ್ರ ಬಂದರು. ಇಪ್ಪತ್ತೆರಡು ವರ್ಷ, ಯಾವ ಪದವಿಯೂ ಇಲ್ಲ. ಕಾಳಿ ನದಿಯಲ್ಲಿ ದೋಣಿ ಹತ್ತಿ ಬೆಳದಿಂಗಳು ನೋಡಿದರು, ಒಂದು ನಾಟಕ ಬರೆದರು. ಅದೇ ಹುಡುಗ ಮುಂದೆ 1921ರಲ್ಲಿ ವಿಶ್ವಭಾರತಿ ಕಟ್ಟಿದರು. ಸರ್ಕಾರದ ಠಸ್ಸೆಯ ಹಂಗು ಬೇಡ ಎಂದರು. ಅವರು ಹೋದ ಹತ್ತು ವರ್ಷಕ್ಕೆ, 1951ರಲ್ಲಿ, ಅದು ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಅದಕ್ಕೆ ಪ್ರಧಾನಮಂತ್ರಿಯೇ ಕುಲಾಧಿಪತಿ. ಮರದ ಕೆಳಗಿನ ಪಾಠ ಉಳಿಯಿತು, ಮರದ ಲೆಕ್ಕ ದಿಲ್ಲಿಗೆ ಹೋಯಿತು.

ಠಸ್ಸೆ ಬೇಡ ಎಂದ ಇನ್ನೊಂದು ತಂಡವೂ ಇತ್ತು. ಅಸಹಕಾರದ ಕಾಲದಲ್ಲಿ ಗುಜರಾತ್ ವಿದ್ಯಾಪೀಠ, ಕಾಶಿ ವಿದ್ಯಾಪೀಠ ಹುಟ್ಟಿದವು. ಅವುಗಳ ಪದವಿಗೆ ಬ್ರಿಟಿಷರ ಮಾನ್ಯತೆ ಇಲ್ಲ, ನೌಕರಿ ಇಲ್ಲ. ಕಾಶಿ ವಿದ್ಯಾಪೀಠದ ಪದವಿಯ ಹೆಸರು ‘ಶಾಸ್ತ್ರಿ’. ಲಾಲ್ ಬಹದ್ದೂರ್ ಎನ್ನುವ ಹುಡುಗನಿಗೆ ಅದು ಸಿಕ್ಕಿತು. ಮಾನ್ಯತೆ ಇಲ್ಲದ ಪದವಿಯನ್ನೇ ಹೆಸರಿಗೆ ಅಂಟಿಸಿಕೊಂಡು ಪ್ರಧಾನಿಯಾದರು. ಅಂಕೋಲೆಯಲ್ಲಿ ಉಪ್ಪು ಮಾಡಿದ, ಕರ ಕೊಡುವುದಿಲ್ಲ ಎಂದು ಮನೆಮಾರು ಕಳಕೊಂಡ ನಮ್ಮ ಹಿರಿಯರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿರಲಿಲ್ಲ.

ಒಳಗಿದ್ದೇ ಹಟ ಹಿಡಿದವರೂ ಇದ್ದರು. ಕಲ್ಕತ್ತಾ ವಿಶ್ವವಿದ್ಯಾಲಯದ ವೈಸ್ ಚಾನ್ಸಲರ್ ಆಗಿದ್ದ ಅಶುತೋಷ್ ಮುಖರ್ಜಿ. 1904ರ ಕರ್ಜನ್ ಕಾಯ್ದೆ ಸೆನೆಟ್ಟಿನಲ್ಲಿ ಸರ್ಕಾರದ ನಾಮಕರಣದವರನ್ನೇ ತುಂಬಿಸಿತ್ತು. ಅದೇ ಕಾಯ್ದೆ ಹಿಡಿದು ಈ ಮನುಷ್ಯ ಪರೀಕ್ಷೆಯ ಅಂಗಡಿಯಾಗಿದ್ದ ವಿಶ್ವವಿದ್ಯಾಲಯದಲ್ಲಿ ಪಾಠ, ಸಂಶೋಧನೆ ಶುರು ಮಾಡಿಸಿದರು. 1923ರಲ್ಲಿ ಗವರ್ನರ್ ಲಿಟನ್ ಇನ್ನೊಂದು ಅವಧಿ ಕೊಡುತ್ತೇನೆ, ಆದರೆ ಸರ್ಕಾರದ ವಿರುದ್ಧ ಹೋಗಬಾರದು ಎಂದು ಷರತ್ತು ಹಾಕಿದ. ಬೇಡವೇ ಬೇಡ ಎಂದು ಪತ್ರ ಬರೆದು, ಆ ಕುರ್ಚಿ ಬಿಟ್ಟರು.

ಘಟ್ಟದ ಆಚೆ ಮೈಸೂರಿನಲ್ಲಿ 1916ರಲ್ಲೇ ಸ್ವಂತ ವಿಶ್ವವಿದ್ಯಾಲಯ ಆಯಿತು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯ. ಅಲ್ಲಿ ರಾಜ್ಯ ವಿಶ್ವವಿದ್ಯಾಲಯವನ್ನು ಹೆತ್ತಿತು. ನಮ್ಮ ಕಡೆ ಉಲ್ಟಾ. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ, ಅದೂ ಮುಂಬಯಿಯಲ್ಲಿ. ಮರುವರ್ಷ ಧಾರವಾಡಕ್ಕೆ ಬಂತು. ಏಕೀಕರಣ ಆದದ್ದು 1956. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದದ್ದು 1973. ಅಂದರೆ ಕರ್ನಾಟಕ ಎನ್ನುವ ಹೆಸರಿನ ವಿಶ್ವವಿದ್ಯಾಲಯ ಆ ಹೆಸರಿನ ರಾಜ್ಯಕ್ಕಿಂತ ಇಪ್ಪತ್ತನಾಲ್ಕು ವರ್ಷಕ್ಕೆ ದೊಡ್ಡದು! ನಾಡು ಇನ್ನೂ ಹರಿದು ಹಂಚಿಹೋಗಿದ್ದಾಗ ಪದವಿಯ ಕಾಗದದ ಮೇಲೆ ಒಂದಾಗಿತ್ತು. ಡಿ.ಸಿ. ಪಾವಟೆಯವರು 1954ರಿಂದ 1967ರ ತನಕ ಅಲ್ಲಿ ಕುಲಪತಿ. ಆಮೇಲೆ ಪಂಜಾಬಿನ ರಾಜ್ಯಪಾಲರಾದರು.

ಆ ಕಾಲದಲ್ಲಿ ಆ ಹುದ್ದೆಯನ್ನು ಉಪಕುಲಪತಿ ಎನ್ನುತ್ತಿದ್ದರು. ರಾಜ್ಯಪಾಲರು ಕುಲಪತಿ. ಈಗ ಇವರೇ ಕುಲಪತಿ, ರಾಜ್ಯಪಾಲರು ಕುಲಾಧಿಪತಿ. ಎಲ್ಲರಿಗೂ ಹೆಸರಿನಲ್ಲಿ ಬಡ್ತಿ. ‘ಉಪ’ ಹೋದ ಮೇಲೆ ಅಧಿಕಾರ ಜಾಸ್ತಿಯಾಯಿತೇ ಎಂದು ಅವರನ್ನೇ ಕೇಳಬೇಕು.

ಧಾರವಾಡದಲ್ಲಿ ವಿಶ್ವವಿದ್ಯಾಲಯ ಬಂದರೂ ಕರಾವಳಿಯ ಮೀನುಗಾರರ, ಹಾಲಕ್ಕಿ ಒಕ್ಕಲಿಗರ ಮಕ್ಕಳಿಗೆ ಅದು ದೂರವೇ. ಇಲ್ಲಿ ಶಾಲೆ ಕಾಲೇಜು ಕಟ್ಟಿದ್ದು ಜಾಸ್ತಿ ಜನರೇ. ಚುಟುಕು ಬರೆದ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಮಾಡಿ ಊರೂರಲ್ಲಿ ಶಾಲೆ ತೆಗೆದರು. ಗೋಖಲೆಯವರು ಹುಟ್ಟಿ ನೂರು ವರ್ಷವಾದ 1966ರಲ್ಲಿ ಅಂಕೋಲೆಗೆ ಕಾಲೇಜು ಬಂತು. ಜನ ಕಟ್ಟಿದ ಕಾಲೇಜಿಗೂ ಠಸ್ಸೆ ಬೇಕಲ್ಲ. ಅದಕ್ಕೆ ಧಾರವಾಡದಿಂದ ಕಮಿಟಿ ಬರುತ್ತಿತ್ತು. ಸ್ಥಳೀಯ ವಿಚಾರಣಾ ಸಮಿತಿ. ನಮ್ಮ ಬಾಯಲ್ಲಿ ಎಲ್‌ಐಸಿ. ವಿಮೆಯವರು ಬಂದರೆಂದು ನಮ್ಮ ಜವಾನರು ಒಮ್ಮೆ ಅಡಗಿ ಕೂತಿದ್ದರು.

ನಾನು ಶುರುವಿನಲ್ಲಿದ್ದ ಒಂದು ಕಾಲೇಜಿನ ಕಥೆ. ಊರು ಬೇಡ, ಹೆಸರು ಬೇಡ. ವಿಜ್ಞಾನ ವಿಭಾಗಕ್ಕೆ ಮಾನ್ಯತೆ ಬೇಕಿತ್ತು. ಇಷ್ಟು ಸೂಕ್ಷ್ಮದರ್ಶಕ ಇರಬೇಕು ಎಂದು ನಿಯಮ. ನಮ್ಮಲ್ಲಿ ಎರಡೇ. ಪಕ್ಕದ ತಾಲೂಕಿನ ಕಾಲೇಜಿನಿಂದ ಆರು ಕಡ ತಂದೆವು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು. ಅವುಗಳ ಬುಡದಲ್ಲಿ ಆ ಕಾಲೇಜಿನ ಹೆಸರನ್ನು ಬಿಳಿ ಬಣ್ಣದಲ್ಲಿ ಬರೆದಿದ್ದರು. ಬರೆದ ಬದಿಯನ್ನು ಗೋಡೆಗೆ ತಿರುಗಿಸಿ ಇಟ್ಟೆವು. ಕಮಿಟಿಯಲ್ಲಿದ್ದ ಹಿರಿಯರೊಬ್ಬರು ಎಳನೀರು ಕುಡಿಯುತ್ತಾ ಒಂದೊಂದೇ ನೋಡಿದರು. ಒಂದನ್ನು ಎತ್ತಿ ತಿರುಗಿಸಿದರು. ಏನೂ ಹೇಳಲಿಲ್ಲ. ಹೊರಗೆ ಬರುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, ‘ಮಾಸ್ತರ್ರೇ, ಸೋಮವಾರ ನಮಗೆ ಪ್ರಾಕ್ಟಿಕಲ್ ಇದೆ, ಅಷ್ಟರೊಳಗೆ ವಾಪಸ್ ಕಳಿಸಿ’ ಎಂದರು. ಅವರು ಆ ಕಾಲೇಜಿನವರೇ! ಮಾನ್ಯತೆ ಸಿಕ್ಕಿತು. ಆಗ ಅದು ನಗುವ ವಿಷಯವಾಗಿತ್ತು. ಈಗ ಯೋಚಿಸಿದರೆ, ಎರಡು ಸೂಕ್ಷ್ಮದರ್ಶಕದಲ್ಲಿ ನಾವು ಏನು ಕಲಿಸಿದೆವು ಎಂದು ಆ ದಿನ ಯಾರೂ ಕೇಳಲಿಲ್ಲ.

ಹಾಗಾದರೆ ಸರ್ಕಾರ ದೂರ ಇರಲಿ ಅನ್ನಬೇಕೇ? ನಾನು ಅನ್ನುವುದಿಲ್ಲ. ಟ್ರಸ್ಟಿನ ಕಾಲೇಜುಗಳಿಗೆ ಸರ್ಕಾರ ಸಂಬಳದ ಅನುದಾನ ಕೊಟ್ಟಿದ್ದಕ್ಕೇ ಫೀ ಕೈಗೆಟುಕಿತು. ಬೆಳಿಗ್ಗೆ ಮೀನು ಮಾರಿ ಬರುವ ತಾಯಂದಿರು ಮಗಳ ಫೀ ಕಟ್ಟಿದ್ದನ್ನು ನಾನು ಕೌಂಟರಿನಲ್ಲಿ ನಿಂತು ನೋಡಿದ್ದೇನೆ. ಒದ್ದೆ ನೋಟು, ಎಣಿಸಿ ಎಣಿಸಿ. ಬೊಲೊನ್ಯಾದ ಹುಡುಗರು ಮೇಷ್ಟ್ರಿಗೆ ದಂಡ ಹಾಕಿದರಲ್ಲ, ಅವರು ಹಣವಂತರ ಮಕ್ಕಳು. ಸರ್ಕಾರ ಕೈಬಿಟ್ಟ ಜಾಗದಲ್ಲಿ ಸ್ವಾತಂತ್ರ್ಯ ಬಂದು ಕೂರುವುದಿಲ್ಲ, ಫೀ ಬಂದು ಕೂರುತ್ತದೆ.

ನನ್ನ ತಕರಾರು ಬೇರೆ. ಅನ್ನ ಕೊಡುವ ಕೈಯೇ ಯಾರು ಬಡಿಸಬೇಕು, ಯಾರು ಕೂರಬೇಕು ಎನ್ನುವುದನ್ನೂ ತೀರ್ಮಾನಿಸುತ್ತಿದೆ. ಸಂವಿಧಾನ ಶಿಕ್ಷಣವನ್ನು ರಾಜ್ಯಗಳಿಗೆ ಕೊಟ್ಟಿತ್ತು, ಮಟ್ಟ ಕಾಯುವ ಕೆಲಸವನ್ನು ಕೇಂದ್ರಕ್ಕೆ. 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ನಲವತ್ತೆರಡನೆಯ ತಿದ್ದುಪಡಿ ಬಂದು ಶಿಕ್ಷಣ ಇಬ್ಬರ ಪಟ್ಟಿಗೂ ಸೇರಿತು. ಈಗ ನಮ್ಮ ರಾಜ್ಯದ 2000ದ ವಿಶ್ವವಿದ್ಯಾಲಯಗಳ ಕಾಯ್ದೆಯಂತೆ ಕುಲಪತಿಯನ್ನು ಆರಿಸುವ ಶೋಧನಾ ಸಮಿತಿಯಲ್ಲಿ ನಾಲ್ವರು. ರಾಜ್ಯಪಾಲರ ಕಡೆಯಿಂದ ಒಬ್ಬರು, ಯುಜಿಸಿಯಿಂದ ಒಬ್ಬರು, ಸರ್ಕಾರದಿಂದ ಒಬ್ಬರು, ವಿಶ್ವವಿದ್ಯಾಲಯದ ಸಿಂಡಿಕೇಟಿನಿಂದ ಒಬ್ಬರು. ನಾಲ್ಕರಲ್ಲಿ ಮನೆಯವರು ಒಬ್ಬರೇ. ಆ ಸಿಂಡಿಕೇಟಿನಲ್ಲೂ ಸರ್ಕಾರದ ನಾಮಕರಣದವರು. ರಾಜ್ಯಪಾಲರಿಗೂ ರಾಜ್ಯ ಸರ್ಕಾರಕ್ಕೂ ಜಗಳವಾದಾಗ ಕುರ್ಚಿ ಯಾರ ಕೈಯಲ್ಲಿರಬೇಕು ಎಂದು ಪೇಪರಿನಲ್ಲಿ ದೊಡ್ಡ ಚರ್ಚೆಯಾಗುತ್ತದೆ. ಕ್ಲಾಸಿನಲ್ಲಿರುವವರ ಹೆಸರು ಆ ಚರ್ಚೆಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಎರಡು ಕುದುರೆ ಸವಾರರು ಘಟಿಕೆಯ ಬಾಗಿಲಲ್ಲಿ ಜಗಳಾಡುತ್ತಿದ್ದಾರೆ, ಅಷ್ಟೇ.

ತಾಳಗುಂದದ ಕಂಬದ ಬಗ್ಗೆ ಒಂದು ಮಾತು ಬಾಕಿ ಇದೆ. ಅದನ್ನು ನಿಲ್ಲಿಸಿದ್ದು ಮಯೂರಶರ್ಮನ ಕಾಲದಲ್ಲಲ್ಲ. ಅವನಿಂದ ಐದನೆಯ ತಲೆಮಾರಿನ ಶಾಂತಿವರ್ಮನ ಕಾಲದಲ್ಲಿ. ಅಷ್ಟು ಹೊತ್ತಿಗೆ ಕದಂಬರು ಪೂರಾ ಅರಸರು. ಹೆಸರಿನ ಕೊನೆಯ ‘ಶರ್ಮ’ ಹೋಗಿ ‘ವರ್ಮ’ ಬಂದಿತ್ತು. ಪದ್ಯ ಬರೆದವನು ಕುಬ್ಜ ಎನ್ನುವ ಕವಿ. ಅರಸನ ಅಪ್ಪಣೆಯಂತೆ ಬರೆದ, ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದ ಎಂದು ಕೊನೆಯಲ್ಲಿ ಹೇಳಿಕೊಂಡಿದ್ದಾನೆ. ಅರಸನ ಕಲ್ಲು, ಅರಸನ ಖರ್ಚು. ಅದರ ಮೇಲೆ, ವಿದ್ಯೆ ಅರಸನ ಕೈಯಲ್ಲಿದ್ದರೆ ಇದಕ್ಕಿಂತ ದುಃಖ ಯಾವುದು ಎನ್ನುವ ಸಾಲು. ಶಾಂತಿವರ್ಮ ಅದನ್ನು ಓದಿಸಿ ಕೇಳಿರಲೇಬೇಕು. ಅಳಿಸು ಎನ್ನಲಿಲ್ಲ.